ಅಚ್ಚಾಗದ ಸಮುದ್ರ ಸಂಪುಟ

ಲೆನ್ಸಣ್ಣ ಸುಳ್ಳು ಹೇಳುವ ಪೈಕಿಯಲ್ಲ. ಸುಳ್ಳು ಹೇಳಬೇಕಾದರೆ ಮುಂದಾಲೋಚನೆ ಬೇಕು, ನೆನಪಿನ ಶಕ್ತಿ ಬೇಕು, ಎದುರಿಗಿದ್ದವರ ಮುಖ ನೋಡಿಕೊಂಡೇ ಮಾತಾಡುವ ಗುಂಡಿಗೆ ಬೇಕು. ಇದರಲ್ಲಿ ಒಂದೂ ಅವನಿಗೆ ದಕ್ಕಿರಲಿಲ್ಲ. ಅವನು ಮಾಡಿದ್ದು ಇಷ್ಟೇ, ಆಟಗಳ ಅಂಗಡಿಯ ಮೆಟ್ಟಿಲಿಳಿಯುವಾಗ "ಆಗಿದೆ" ಅಂದದ್ದು. ಆ ಒಂದು ಮಾತನ್ನು ಉಳಿದವರು ಸೇರಿ ಎಳೆದು ಹಿಗ್ಗಿಸಿ, ಕೊನೆಗೆ ಅದರೊಳಗೆ ಒಂದು ಸಮುದ್ರವೇ ಹಿಡಿಸುವಷ್ಟು ದೊಡ್ಡದು ಮಾಡಿದರು.

ಲೆನ್ಸಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕುತ್ತಿಗೆ ಬಗ್ಗಿಸಬಹುದಾದ ಒಂದು ದೀಪ ಮತ್ತು ಗಾಜು ಉಜ್ಜುವ ಒಂದು ಯಂತ್ರದ ನಡುವೆ ಕೂತು, ಫ್ರೇಮಿಗೆ ಗಾಜು ಕೂರಿಸುವುದು ಅವನ ಕೆಲಸ. ವಾರವಿಡೀ ಊರಿನವರಿಗೆ ಇದ್ದದ್ದು ಕಾಣಿಸುವಂತೆ ಮಾಡುತ್ತಿದ್ದ ಈ ಮನುಷ್ಯ, ಭಾನುವಾರ ಮಧ್ಯಾಹ್ನ ಮನೆಯ ಊಟದ ಮೇಜನ್ನು ಒರೆಸಿ, ಮೂರು ಜನರಿಗೆ ಇಲ್ಲದ್ದು ಕಾಣಿಸುವಂತೆ ಮಾಡುತ್ತಿದ್ದ.

ಅದೊಂದು ಆಟ. ಮೇಜಿನ ಸುತ್ತ ಕೂತವರೆಲ್ಲ ಒಂದೊಂದು ಪಾತ್ರ ಹಿಡಿಯುತ್ತಾರೆ. ಒಬ್ಬ ರಟ್ಟಿನ ಮರೆಯ ಹಿಂದೆ ಪುಸ್ತಕ ಇಟ್ಟುಕೊಂಡು ಕಥೆ ನಡೆಸುತ್ತಾನೆ. "ಎದುರಿಗೆ ಸೇತುವೆ ಇದೆ, ಹಲಗೆ ಕೊಳೆತಿದೆ, ಏನು ಮಾಡ್ತೀರಿ?" ಅಂತ ಅವನು ಕೇಳುತ್ತಾನೆ. ದಾಟುತ್ತೇನೆ ಅಂದವರು ದಾಳ ಉರುಳಿಸಬೇಕು. ದಾಳ ಕೈಕೊಟ್ಟರೆ ಹೊಳೆಗೆ ಬೀಳಬೇಕು. ಇಷ್ಟಕ್ಕೆ ವಯಸ್ಸಾದವರು ಸಂಜೆಯವರೆಗೂ ಕುರ್ಚಿ ಬಿಟ್ಟೇಳುವುದಿಲ್ಲ ಅಂದರೆ ನಂಬುವುದು ಕಷ್ಟ. ಆದರೆ ಬಂದು ಕೂತವರು ಎದ್ದದ್ದನ್ನು ಲೆನ್ಸಣ್ಣನ ಹೆಂಡತಿ ಒಮ್ಮೆಯೂ ನೋಡಿರಲಿಲ್ಲ.

ಆಡುವವರು ಮೂವರು. ಬೀದಿ ಕೊನೆಯ ಹಲ್ಲಿನ ಡಾಕ್ಟರಮ್ಮ ಬಿಲ್ಲುಗಾತಿ. ನಿವೃತ್ತರಾದ ಭೂಗೋಳದ ಮೇಷ್ಟ್ರು ನಕ್ಷೆಗಾರ. ಲೆನ್ಸಣ್ಣನ ಹೆಂಡತಿಯ ತಮ್ಮ, ಅಂದರೆ ಭಾವಮೈದುನ, ಕುದುರೆ ಸವಾರ. ಇವರಲ್ಲದೆ, ಆಡದೆಯೂ ಒಂದು ವಾರ ತಪ್ಪಿಸದವರು ಲೆನ್ಸಣ್ಣನ ಅತ್ತೆ. ಅವರು ಪಕ್ಕದ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಉಣ್ಣೆ ಹೆಣೆಯುವ ನೆಪದಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಕುರ್ಚಿ ವಾರಕ್ಕೊಂದು ಗೇಣು ಈಚೆಗೆ ಸರಿಯುತ್ತಿತ್ತು.

ಆಟ ನಡೆಯುತ್ತಿದ್ದದ್ದು 'ಏಳು ಬಂದರು' ಅನ್ನುವ ಸೀರಿಯಲ್ಲಿನ ಲೋಕದಲ್ಲಿ. ಸೀರಿಯಲ್ಲಿನವರಿಂದ ಆ ಲೋಕದ ಹೆಸರನ್ನು ಬಾಡಿಗೆಗೆ ಪಡೆದು ಒಂದು ಕಂಪನಿ ಆಟದ ಪುಸ್ತಕ ಮಾಡಿತ್ತು. ಈ ಬಾಡಿಗೆಗೆ ಲೈಸೆನ್ಸ್ ಅನ್ನುತ್ತಾರೆ. ಮೊದಲು ಮೂಲ ಪುಸ್ತಕ ಕೊಳ್ಳಬೇಕು. ಬೆಟ್ಟ ಹತ್ತಬೇಕಾದರೆ ಬೆಟ್ಟದ ಸಂಪುಟ ಕೊಳ್ಳಬೇಕು. ಕಾಡಿಗೆ ಕಾಡಿನ ಸಂಪುಟ. ಲೆನ್ಸಣ್ಣ ಎರಡನ್ನೂ ಕೊಂಡಿದ್ದ. ಕಾಡಿನದನ್ನು ಕೊಂಡ ವರ್ಷ ಹೆಂಡತಿ, "ಇನ್ನು ಈ ಮನೆಗೆ ಮರ ಗಿಡ ಸಾಕು" ಅಂದಿದ್ದಳು. ಈಗ ಪಾತ್ರಗಳೆಲ್ಲ ಕಾಡು ದಾಟಿ ಕಡಲ ತೀರದಲ್ಲಿ ನಿಂತಿದ್ದವು. ಹಡಗು ಸಿದ್ಧವಾಗಿತ್ತು, ಗಾಳಿಯೂ ಬೀಸುತ್ತಿತ್ತು. ಮುಂದಿನ ಸಮುದ್ರ ಮಾತ್ರ ಬೇರೆ ಪುಸ್ತಕ, ಬೇರೆ ಬೆಲೆ.

ಆ ಬೆಲೆ ವಿಚಾರಿಸಲು ಅವನು ಆಟಗಳ ಅಂಗಡಿಗೆ ಹೋದ. ಅಂಗಡಿಯವನದು ಸದಾ ಯಾರನ್ನೋ ಮಣ್ಣು ಮಾಡಿ ಬಂದವನ ಮುಖ.

"ಸಮುದ್ರ ಸಂಪುಟ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಅಂತಾರೆ. ಮುಂಗಡ ಕಟ್ಟಿ ಹೋಗಿ" ಅಂದು ಬೆಲೆ ಹೇಳಿದ.

ಲೆನ್ಸಣ್ಣನ ತಲೆಯಲ್ಲಿ ಎಲ್ಲ ಬೆಲೆಗಳೂ ಕನ್ನಡಕವಾಗಿಯೇ ಕಾಣುವುದು. ಇದು ಒಳ್ಳೆ ಫ್ರೇಮು, ಒಳ್ಳೆ ಗಾಜು ಹಾಕಿದ ಎರಡು ಜೊತೆ ಕನ್ನಡಕ, ಡಬ್ಬಿ ಸಮೇತ.

"ಒಂದು ಪುಸ್ತಕಕ್ಕಾ?" ಅಂದ.

"ಪುಸ್ತಕಕ್ಕೆ ಅಷ್ಟಿಲ್ಲ. ಕಾಗದ, ಅಚ್ಚು, ಚಿತ್ರ ಎಲ್ಲ ಸೇರಿ ಅರ್ಧ ಆಗಲ್ಲ. ಉಳಿದದ್ದು ಹೆಸರಿನ ಬಾಡಿಗೆ. ಸೀರಿಯಲ್ ಓಡಿದಷ್ಟೂ ಬಾಡಿಗೆ ಏರುತ್ತೆ. ನಿಂತರೆ ಕೊಳ್ಳೋರು ಇರಲ್ಲ." ಅಂಗಡಿಯವನು ಒಂದು ಡಬ್ಬದ ಮೇಲಿನ ಧೂಳು ಒರೆಸಿ, ಅದೇ ಧೂಳನ್ನು ಪಕ್ಕದ ಡಬ್ಬಕ್ಕೆ ದಾಟಿಸಿದ. "ಮುಂದೆ ಈ ತರದ್ದು ಮಾಡೋರೇ ಇರಲ್ಲ ನೋಡ್ತಿರಿ. ನಾನು ಸೈಕಲ್ ಪಂಪು ಇಡೋಣ ಅಂತಿದ್ದೀನಿ."

ಲೆನ್ಸಣ್ಣ ಬರಿಗೈಯಲ್ಲಿ ಹೊರಬಿದ್ದ. ಮೆಟ್ಟಿಲ ಮೇಲೆ ಭಾವಮೈದುನ ಎದುರಾದ.

"ಏನ್ ಭಾವ, ಸಮುದ್ರದ್ದು ಆಯ್ತಾ?"

ಬೆಲೆ ಕೇಳಿ ವಾಪಸು ಬಂದೆ ಅಂತ ಹೆಂಡತಿಯ ತಮ್ಮನ ಎದುರು ಹೇಳುವುದು ಯಾವ ಗಂಡಸಿಗೂ ಸುಲಭವಲ್ಲ. ವಿಚಾರಿಸುವುದು ಆಗಿದೆ ಅನ್ನುವ ಅರ್ಥದಲ್ಲಿ ಲೆನ್ಸಣ್ಣ, "ಹೂಂ, ಆಗಿದೆ" ಅಂದ.

ಸಂಜೆ ಹೊತ್ತಿಗೆ ಡಾಕ್ಟರಮ್ಮ ಫೋನ್ ಮಾಡಿ, "ಅಂಗಡಿಗೇ ಬರದ ಪುಸ್ತಕ ನಿಮಗೆ ಮೊದಲೇ ಸಿಕ್ಕಿತಂತೆ. ನಿಮ್ಮ ಕೈ ಉದ್ದ ಬಿಡಿ" ಅಂದರು. ಆಕೆ ರೋಗಿಯ ಬಾಯಲ್ಲಿ ಕೈಯಿಟ್ಟುಕೊಂಡೇ ಮಾತಾಡುವ ಅಭ್ಯಾಸದವರು. ಉತ್ತರಕ್ಕೆ ಕಾಯುವವರಲ್ಲ. ಇಲ್ಲ ಅನ್ನಲು ಲೆನ್ಸಣ್ಣ ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಭಾನುವಾರ ಬಂತು. ಲೆನ್ಸಣ್ಣ ಅಂಗಡಿಯಿಂದ ಗಾಜಿನ ಕಂಪನಿಯ ದಪ್ಪ ಕ್ಯಾಟಲಾಗನ್ನು ಮನೆಗೆ ತಂದು, "ಇದಕ್ಕೊಂದು ಕವರ್ ಹಾಕಿಕೊಡೇ" ಅಂತ ಹೆಂಡತಿಗೆ ಕೊಟ್ಟ. ಅವಳು ಕಂದು ಕಾಗದ ಮಡಿಸಿ, ಮೂಲೆ ಅಂಟಿಸಿ, ಯಾಕೆ ಅಂತ ಕೇಳದೆ ವಾಪಸು ಕೊಟ್ಟಳು. ಗಂಡನನ್ನು ಯಾಕೆ ಅಂತ ಕೇಳಿದರೆ ಉತ್ತರ ಬರುವಷ್ಟರಲ್ಲಿ ಒಲೆ ಮೇಲಿನದು ಸೀದುಹೋಗುತ್ತದೆ ಅನ್ನುವುದು ಅವಳ ಅನುಭವ.

ಎಲ್ಲರೂ ಕೂತರು. ರಟ್ಟಿನ ಮರೆಯ ಹಿಂದೆ ಕಂದು ಪುಸ್ತಕ ಕಂಡಿತು. ಮೇಷ್ಟ್ರು ಅದರ ದಪ್ಪ ನೋಡಿ ಗಂಟಲು ಸರಿಮಾಡಿಕೊಂಡರು. ಲೆನ್ಸಣ್ಣ ಪುಸ್ತಕ ತೆರೆದ. ಎದುರಿಗೆ, ಮೇಲರ್ಧ ದೂರಕ್ಕೆ ಕೆಳಗಿನರ್ಧ ಹತ್ತಿರಕ್ಕೆ ಇರುವ ಬೈಫೋಕಲ್ ಗಾಜಿನ ದರಪಟ್ಟಿ ಇತ್ತು.

"ಹಡಗು ಹೊರಟಿತು" ಅಂದ. ಮುಂದೇನು ಹೇಳುವುದೋ ತಿಳಿಯದೆ ಪುಟದ ಕಡೆ ನೋಡಿ, "ಮೂರನೇ ದಿನ ಬೈಫೋಕ ಅನ್ನೋ ದ್ವೀಪ ಕಾಣಿಸ್ತು. ಅಲ್ಲಿ... ಅಲ್ಲಿ ಮೇಲಿನ ಊರಿನವರಿಗೆ ದೂರದ್ದು ಮಾತ್ರ ಕಾಣುತ್ತೆ. ಕೆಳಗಿನ ಊರಿನವರಿಗೆ ಹತ್ತಿರದ್ದು ಮಾತ್ರ. ಮಧ್ಯೆ ಒಂದು ಗೆರೆ ಇದೆ. ಗೆರೆ ದಾಟೋರಿಗೆ ತಲೆ ಸುತ್ತುತ್ತೆ" ಅಂದ.

ಮೇಜಿನ ಸುತ್ತ ಕೂತ ಮೂವರ ಮೂಗಿನ ಮೇಲೂ ಕನ್ನಡಕವಿತ್ತು. ಮೂರಕ್ಕೂ ಗಾಜು ಕೂರಿಸಿದವನು ಲೆನ್ಸಣ್ಣನೇ. ಮೇಷ್ಟ್ರದ್ದಂತೂ ಬೈಫೋಕಲ್ಲೇ. ಆದರೂ ಒಬ್ಬರಿಗೂ ಏನೂ ಕಾಣಿಸಲಿಲ್ಲ.

"ಎಂಥಾ ಕಲ್ಪನೆ ನೋಡಿ" ಅಂದರು ಮೇಷ್ಟ್ರು. "ಅದಕ್ಕೇ ಬೆಲೆ ಹೆಚ್ಚು. ದುಡ್ಡು ತಗೊಂಡಿದ್ದಕ್ಕೆ ಸರಿಯಾಗಿ ತಲೆ ಓಡಿಸಿದ್ದಾರೆ."

ಅಲ್ಲಿಂದ ಮುಂದೆ ಲೆನ್ಸಣ್ಣನಿಗೆ ತಡೆಯಿರಲಿಲ್ಲ. ಬಿಸಿಲಿಗೆ ಬಂದರೆ ಹೊಗೆಯ ಬಣ್ಣಕ್ಕೆ ತಿರುಗಿ, ಮನೆಯೊಳಗೆ ಹೋದರೆ ತಿಳಿಯಾಗುವ ಗಾಜಿನ ಜನ ಬಂದರು. ಗೀರು ಬೀಳದ ಮೈಯ ಕೋಟಿಂಗ ಅನ್ನುವ ರಾಕ್ಷಸ ಬಂದ. ನಕ್ಷೆಗಾರನನ್ನು ಬೈಫೋಕದ ರಾಜ ಸೆರೆಗೆ ಹಾಕಿದ, ಸವಾರನ ಕುದುರೆಯನ್ನು ಮೀನು ನುಂಗಿತು. ಸಿಲಿಂಡರ್ ನಂಬರಿನ ಗಾಜುಗಳ ಪುಟದಿಂದ ಸಿಲಿಂಡ್ರ ಅನ್ನುವ ಸುಳಿ ಬಂತು. ಅದರೊಳಗೆ ಸಿಕ್ಕಿದ ಹಡಗಿಗೆ ನೆಟ್ಟಗಿದ್ದದ್ದೆಲ್ಲ ಸೊಟ್ಟ ಕಾಣುತ್ತಿತ್ತು. ಒಂದು ಭಾನುವಾರ ಬಿರುಗಾಳಿಯೆದ್ದು, ಡಾಕ್ಟರಮ್ಮನ ಬಿಲ್ಲುಗಾತಿಯ ಜೊತೆಗಿದ್ದ ಕಿರಿಯ ತಮ್ಮ ಅಲೆಗೆ ಸಿಕ್ಕಿ ಕಡಲುಪಾಲಾದ. ಡಾಕ್ಟರಮ್ಮ ದಾಳವನ್ನು ಕೈಗೆತ್ತಿಕೊಂಡು, "ಪುಸ್ತಕದಲ್ಲಿ ಹಾಗೇ ಇದೆಯಾ?" ಅಂತ ಕೇಳಿದರು.

"ಇದೆ" ಅಂದ ಲೆನ್ಸಣ್ಣ, ಚಿನ್ನದ ಬಣ್ಣದ ಫ್ರೇಮುಗಳ ಪುಟ ನೋಡುತ್ತ.

"ಹಾಗಿದ್ದರೆ ಆಯಿತು" ಅಂದು ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. ಬಾಗಿಲ ಬಳಿ ಅತ್ತೆಯ ಸೂಜಿ ನಿಂತಿತ್ತು.

ಹೀಗೆ ಸಮುದ್ರಯಾನ ಸುಗಮವಾಗಿ ಸಾಗಿರುವಾಗ ಭಾವಮೈದುನ ಒಂದು ಸುದ್ದಿ ಹಿಡಿದು ಬಂದ. ಫೋನಿನಲ್ಲಿ ಬಂದದ್ದನ್ನೆಲ್ಲ ಓದಿ, ಓದಿದ್ದನ್ನೆಲ್ಲ ಹಂಚುವವನು ಅವನು.

"ಕೇಳಿದ್ರಾ? ಆಟದ ಕಂಪನಿಯವರ ಲೈಸೆನ್ಸ್ ಹೋಯ್ತಂತೆ. ಸೀರಿಯಲ್ಲಿನವರು ಬಾಡಿಗೆ ಏರಿಸಿದ್ರಂತೆ, ಇವರು ಆಗಲ್ಲ ಅಂದ್ರಂತೆ. ಇನ್ನು ಒಂದು ಪುಸ್ತಕಾನೂ ಇಲ್ಲ. ಸಮುದ್ರ ಸಂಪುಟ..." ಅಂದು ಲೆನ್ಸಣ್ಣನ ಕಡೆ ತಿರುಗಿದ. "ಸಮುದ್ರ ಸಂಪುಟ ಅಚ್ಚೇ ಆಗಿಲ್ಲವಂತೆ ಭಾವ."

ಮೂರು ಜೊತೆ ಕನ್ನಡಕಗಳು ರಟ್ಟಿನ ಮರೆಯ ಕಡೆ ತಿರುಗಿದವು. ಸಿಕ್ಕಿಬಿದ್ದೆ ಅಂದುಕೊಂಡಾಗ ಲೆನ್ಸಣ್ಣನ ಮನಸ್ಸಿಗೆ ಒಂದು ಥರ ನಿರಾಳವಾಯಿತು. ಎಲ್ಲ ಹೇಳಿಬಿಡೋಣ ಅಂತ ಅವನು ಉಸಿರೆಳೆದುಕೊಂಡ.

"ಹಾಗಾದರೆ" ಅಂದರು ಮೇಷ್ಟ್ರು ಮೆಲ್ಲನೆ, "ಲೋಕದಲ್ಲಿ ಇರೋದು ಇದೊಂದೇ ಪ್ರತಿ."

"ಅದಕ್ಕೇ ಕವರ್ ಹಾಕಿದ್ದಾರೆ" ಅಂದರು ಡಾಕ್ಟರಮ್ಮ.

"ಅಲ್ಲ, ಅದು ಹಾಗಲ್ಲ, ಅದು ಗಾಜಿನ..." ಅಂದ ಲೆನ್ಸಣ್ಣ.

"ಗಾಜಿನ ಹಾಗೆ ಕಾಪಾಡಬೇಕು. ನಾವೂ ಅದನ್ನೇ ಹೇಳೋದು" ಅಂದು ಮೇಷ್ಟ್ರು ಎದ್ದು ನಿಂತರು. ಪುಸ್ತಕದ ಎದುರು ಕೂತೇ ಮಾತಾಡುವುದು ಅವರಿಗೆ ಸರಿಕಾಣಲಿಲ್ಲ.

ಅವತ್ತೇ ಒಂದು ತೀರ್ಮಾನವಾಯಿತು. ಇಂಥ ವಸ್ತು ಲೆನ್ಸಣ್ಣನ ಮನೆಯಲ್ಲಿ, ಬಾಗಿಲಿಗೆ ಸರಿಯಾಗಿ ಚಿಲಕ ಬೀಳದ ಬೀರುವಿನಲ್ಲಿ ಇರಬಾರದು. ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಚಿನ್ನದ ಹಲ್ಲುಗಳನ್ನು ಇಡುವ ಉಕ್ಕಿನ ಪೆಟ್ಟಿಗೆಯಿತ್ತು. ಪುಸ್ತಕ ಅದರೊಳಗೆ ಹೋಯಿತು. ಭಾನುವಾರ ಮಧ್ಯಾಹ್ನ ಮಾತ್ರ ಅದನ್ನು ಹೊರಗೆ ತೆಗೆಯುವುದು, ಸಂಜೆಗೆ ಮತ್ತೆ ಒಳಗಿಡುವುದು ಅಂತಾಯಿತು.

ಇದರಿಂದ ಲೆನ್ಸಣ್ಣನಿಗೆ ಮೊದಲ ಏಟು ಬಿದ್ದದ್ದು ಕೆಲಸದ ಜಾಗದಲ್ಲಿ. ಗಿರಾಕಿಯೊಬ್ಬರು ತೆಳುವಾದ ಗಾಜಿನ ಬೆಲೆ ಕೇಳಿದಾಗ ಯಜಮಾನರು ಕ್ಯಾಟಲಾಗಿಗೆ ಕೈ ಚಾಚಿದರು. ಕಪಾಟು ಖಾಲಿಯಿತ್ತು.

"ಕ್ಯಾಟಲಾಗ್ ಎಲ್ಲಯ್ಯಾ?"

"ಹಲ್ಲಿನ ಡಾಕ್ಟರಮ್ಮನ ಪೆಟ್ಟಿಗೇಲಿದೆ ಸಾರ್."

"ಅವರಿಗ್ಯಾಕೆ ಅದು?"

"ಅಪರೂಪದ್ದು ಅಂತ ಇಟ್ಟುಕೊಂಡಿದ್ದಾರೆ ಸಾರ್."

ಯಜಮಾನರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಿರಾಕಿಯ ಎದುರು ಮಾತು ಬೆಳೆಸಬಾರದು ಅಂತ ಅಂದಾಜಿನ ಮೇಲೆ ಒಂದು ಬೆಲೆ ಹೇಳಿದರು. ಗಿರಾಕಿ ಸಂತೋಷದಿಂದ ಒಪ್ಪಿದ್ದನ್ನು ನೋಡಿದಾಗ ಕಡಿಮೆ ಹೇಳಿದೆ ಅಂತ ಅವರಿಗೆ ಗೊತ್ತಾಯಿತು. ಅವತ್ತಿನಿಂದ ಅವರು ಲೆನ್ಸಣ್ಣನನ್ನು ಕರೆಯುವ ದನಿ ಬದಲಾಯಿತು.

ಎರಡನೇ ಏಟು ಆಟಗಳ ಅಂಗಡಿಯವನ ರೂಪದಲ್ಲಿ ಬಂತು. ಅವನು ಕಣ್ಣು ಪರೀಕ್ಷೆಯ ನೆಪದಲ್ಲಿ ಬಂದು, ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಿಳಿಯ ಹಾಗೆ ಓದಿ, ಆಮೇಲೆ ಹಿಂದಿನ ಕೋಣೆಗೆ ನುಸುಳಿದ.

"ನಿಮ್ಮ ಭಾವಮೈದುನ ಹೇಳಿದ. ನನಗೆ ಕೊಟ್ಟುಬಿಡಿ. ನೀವು ಕೇಳಿದ್ದು ಕೊಡ್ತೀನಿ."

"ನನ್ನ ಹತ್ರ ಅಂಥಾದ್ದು ಏನೂ ಇಲ್ಲಪ್ಪ."

"ಹಾಗೇ ಹೇಳಬೇಕು" ಅಂದ ಅಂಗಡಿಯವನು ಮೆಚ್ಚುಗೆಯಿಂದ. "ಅಚ್ಚು ನಿಂತ ಮೇಲೆ ಹಳೇ ಬೆಟ್ಟದ ಸಂಪುಟಕ್ಕೇ ಜನ ಹೊಡೆದಾಡ್ತಿದ್ದಾರೆ. ಇದ್ದಾಗ ಒಬ್ಬರೂ ಮುಟ್ಟಲಿಲ್ಲ, ಹೋದ ಮೇಲೆ ಬೇಕಂತೆ. ನಾನೇ ದಡ್ಡ, ಅರ್ಧ ಬೆಲೆಗೆ ಮಾರಿ ಸೈಕಲ್ ಪಂಪು ತಂದಿಟ್ಟೆ. ಅದನ್ನೂ ಯಾರೂ ಕೊಳ್ತಿಲ್ಲ."

ಲೆನ್ಸಣ್ಣ ಅವತ್ತು ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಗೊತ್ತು" ಅಂದಳು. "ಕವರ್ ಹಾಕಿದೋಳು ನಾನೇ ಅಲ್ವಾ? ಒಳಗೆ ಬರೀ ಕನ್ನಡಕದ ಚಿತ್ರ."

"ಮತ್ತೆ ಹೇಳಬಾರದಿತ್ತಾ?"

"ಯಾರಿಗೆ ಹೇಳ್ಲಿ ರೀ? ಅಮ್ಮನಿಗೆ ಹೇಳ್ದೆ. ಸುಮ್ಮನಿರು, ಹಡಗು ಇನ್ನೂ ನಡುನೀರಲ್ಲಿದೆ ಅಂದ್ರು. ತಮ್ಮನಿಗೆ ಹೇಳ್ದೆ. ಅಕ್ಕ, ನಿನಗೆ ಅದೆಲ್ಲ ಅರ್ಥ ಆಗಲ್ಲ ಅಂದ."

ಆ ತಮ್ಮ ಅಷ್ಟಕ್ಕೇ ನಿಂತಿರಲಿಲ್ಲ. ಆಟದ ಕಂಪನಿಗೆ ಒಂದು ಮೇಲ್ ಕಳಿಸಿದ್ದ. ನಿಮ್ಮ ಸಮುದ್ರ ಸಂಪುಟ ಅದ್ಭುತವಾಗಿದೆ, ನಮ್ಮ ಭಾವನವರ ಬಳಿ ಇರುವ ಪ್ರತಿಯಿಂದ ಪ್ರತಿ ವಾರ ಆಡುತ್ತಿದ್ದೇವೆ, ಎರಡನೇ ಭಾಗ ಯಾವಾಗ, ದಯವಿಟ್ಟು ತಿಳಿಸಿ. ಕೆಳಗೆ ಭಾವನ ಮನೆಯ ವಿಳಾಸವನ್ನು, ಮಹಡಿ ಮತ್ತು ಬಾಗಿಲಿನ ಬಣ್ಣದ ಸಮೇತ, ಮರೆಯದೆ ಬರೆದಿದ್ದ.

ಮುಂದಿನ ಭಾನುವಾರ ಹಡಗು ಗಾಜಿನ ಜನರ ರಾಜಧಾನಿಯಲ್ಲಿ ಲಂಗರು ಹಾಕುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಹೆಗಲಿಗೆ ಚೀಲ ಹಾಕಿಕೊಂಡ, ದಣಿದ ಮುಖದ ಒಬ್ಬ ಹೆಂಗಸು ನಿಂತಿದ್ದಳು. ಕಂಪನಿಯ ಹಕ್ಕುಗಳ ವಿಭಾಗದ ಅಧಿಕಾರಿ ಅಂತ ಗುರುತಿನ ಚೀಟಿ ತೋರಿಸಿದಳು.

"ಸಮುದ್ರ ಸಂಪುಟದ ಒಂದು ಪ್ರತಿ ಇಲ್ಲಿದೆ ಅಂತ ತಿಳಿಯಿತು. ಒಪ್ಪಂದದ ಪ್ರಕಾರ ಅದರ ಒಂದು ಹಾಳೆಯೂ ಎಲ್ಲೂ ಉಳಿಯಬಾರದು. ಉಳಿದರೆ ನಮ್ಮ ಕಂಪನಿ ದಂಡ ಕಟ್ಟಬೇಕು, ಇಟ್ಟುಕೊಂಡವರ ಮೇಲೂ ಕೇಸು ಬೀಳುತ್ತೆ. ದಯವಿಟ್ಟು ಕೊಟ್ಟುಬಿಡಿ."

ಕೇಸು ಅನ್ನುವ ಮಾತು ಕೇಳಿದ್ದೇ ಲೆನ್ಸಣ್ಣ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಮೇಡಂ, ನನ್ನ ಹತ್ರ ಪುಸ್ತಕ ಇಲ್ಲ. ಯಾವತ್ತೂ ಇರಲಿಲ್ಲ. ಇದು ಕನ್ನಡಕದ ಗಾಜಿನ ಕ್ಯಾಟಲಾಗು. ಸಮುದ್ರ ನಾನೇ ಕಟ್ಟಿ ಹೇಳಿದ್ದು" ಅಂದ.

ಭಾವಮೈದುನ ಅಧಿಕಾರಿಯ ಕಡೆ ತಿರುಗಿ, ಗಂಭೀರವಾಗಿ, "ಹೌದು ಮೇಡಂ, ಭಾವ ಹೇಳಿದ್ದು ನಿಜ. ಪುಸ್ತಕ ಇಲ್ಲವೇ ಇಲ್ಲ" ಅಂದು ಭಾವನಿಗೆ ಕಣ್ಣು ಹೊಡೆದ. ಮೇಷ್ಟ್ರೂ ತಲೆದೂಗಿದರು. "ನಾವು ಯಾರೂ ಯಾವ ಪುಸ್ತಕಾನೂ ನೋಡಿಲ್ಲ" ಅಂದರು ಡಾಕ್ಟರಮ್ಮ, ಮೇಜಿನ ಮೇಲಿದ್ದದ್ದರ ಮೇಲೆ ತಮ್ಮ ಶಾಲು ಹರಡುತ್ತ.

ನಿಜ ಹೇಳುವಾಗ ಇಷ್ಟು ಜನ ಬೆಂಬಲಕ್ಕೆ ನಿಂತರೆ ಯಾರು ನಂಬುತ್ತಾರೆ? ಅಧಿಕಾರಿ ಶಾಲು ಸರಿಸಿದಳು. ಕಂದು ಕಾಗದ ಬಿಚ್ಚಿದಳು. ಒಂದೊಂದೇ ಪುಟ ತಿರುಗಿಸಿದಳು. ಎಲ್ಲ ಪುಟದಲ್ಲೂ ಕನ್ನಡಕ.

"ಒಳಗಿದ್ದ ಪುಸ್ತಕ ಎಲ್ಲಿ?" ಅಂದಳು.

"ಒಳಗಿದ್ದದ್ದೇ ಇದು ಮೇಡಂ."

ಮೇಷ್ಟ್ರು ಬಗ್ಗಿ ನೋಡಿದರು. ತಮ್ಮ ಕನ್ನಡಕದ ಕೆಳಗಿನ ಅರ್ಧದಿಂದ ಒಮ್ಮೆ, ಮೇಲಿನ ಅರ್ಧದಿಂದ ಒಮ್ಮೆ. "ಬೈಫೋಕಲ್" ಅಂತ ಜೋರಾಗಿ ಓದಿದರು. ಆಮೇಲೆ ನಿಧಾನವಾಗಿ ಕೂತರು.

"ಮೇಡಂ, ನೀವೇ ಪರೀಕ್ಷೆ ಮಾಡಿ" ಅಂದಳು ಅಡುಗೆಮನೆಯಿಂದ ಬಂದ ಲೆನ್ಸಣ್ಣನ ಹೆಂಡತಿ. "ನಿಮ್ಮ ಪುಸ್ತಕದಲ್ಲಿ ಏನಿತ್ತೋ ಅದನ್ನ ಕೇಳಿ. ಇವರಿಗೆ ಗೊತ್ತಿದ್ರೆ ತಾನೇ?"

ಅಧಿಕಾರಿ ಕುರ್ಚಿ ಎಳೆದುಕೊಂಡಳು. "ಏಡಿಗಳ ಮಾರುಕಟ್ಟೆ ಇದೆಯಾ ನಿಮ್ಮಲ್ಲಿ?"

"ಇಲ್ಲ."

"ಮುಳುಗಿದ ದೀಪಸ್ತಂಭ?"

"ಇಲ್ಲ ಮೇಡಂ."

"ಉಪ್ಪು ಮಾರುವ ಅಜ್ಜಿ?" ಈ ಪ್ರಶ್ನೆ ಕೇಳುವಾಗ ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು.

"ಅದೂ ಇಲ್ಲ."

"ಮತ್ತೆ ಇರೋದೇನು?"

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಅತ್ತೆ ಉಣ್ಣೆಯ ಉಂಡೆ ಮಡಿಲಲ್ಲಿಟ್ಟುಕೊಂಡು, ಹಡಗು ತೀರ ಬಿಟ್ಟಲ್ಲಿಂದ ಇವತ್ತು ಲಂಗರು ಹಾಕಿದವರೆಗೆ ಒಂದು ಅಲೆಯೂ ತಪ್ಪದಂತೆ ಹೇಳಿದರು. ಲೆನ್ಸಣ್ಣ ಹೇಳಿ ಮರೆತಿದ್ದೂ ಅದರಲ್ಲಿತ್ತು. ಮಾತು ಮುಗಿದಾಗ ಅಧಿಕಾರಿ ಕ್ಯಾಟಲಾಗನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಇದು ನಮ್ಮದಲ್ಲ" ಅಂದಳು. "ಪ್ರತಿ ಇಲ್ಲ ಅಂತ ಬರೀತೀನಿ."

ಕೇಸು ತಪ್ಪಿತು ಅಂತ ಲೆನ್ಸಣ್ಣ ಕುರ್ಚಿಗೆ ಒರಗಿದ. ಅವನು ಹಾಗೆ ಒರಗಬಾರದಿತ್ತು.

"ಒಂದು ನಿಮಿಷ" ಅಂದರು ಡಾಕ್ಟರಮ್ಮ. ಹಲ್ಲು ಕೀಳುವ ಮೊದಲು ರೋಗಿಗೆ ಹೇಳುವ ದನಿ ಅದು. "ಹಾಗಾದರೆ ನನ್ನ ತಮ್ಮ ಸತ್ತದ್ದು ಯಾವ ಪುಟದಲ್ಲಿ?"

"ಅದು... ಅವತ್ತು ಬಿರುಗಾಳಿ..."

"ಪುಸ್ತಕದಲ್ಲಿದೆ ಅಂದಿರಿ. ಬರೆದವರು ಬರೆದಿದ್ದಾರೆ, ಅಚ್ಚಾಗಿದೆ, ಯಾರೇನು ಮಾಡೋಕಾಗುತ್ತೆ ಅಂತ ಸುಮ್ಮನಾದೆ. ಈಗ ನೋಡಿದರೆ ಕೊಂದವರು ನೀವು."

"ನನ್ನನ್ನ ಜೈಲಿಗೆ ಹಾಕಿಸಿದ್ದೂ ನೀವೇ ಅಂತಾಯ್ತು" ಅಂದರು ಮೇಷ್ಟ್ರು. "ಬೈಫೋಕದ ರಾಜ ಹಾಕಿದ್ದು ಅಂದುಕೊಂಡಿದ್ದೆ. ವಾರಗಟ್ಟಲೆ ಇದೇ ಕುರ್ಚೀಲಿ ಬಾಯಿಮುಚ್ಚಿಕೊಂಡು ಸೆರೆಯಲ್ಲಿ ಕೂತೆನಲ್ಲ. ಯಾಕೆ ಹಾಕಿದಿರಿ?"

ಲೆನ್ಸಣ್ಣನಿಗೆ ಸುಳ್ಳು ಹೊಳೆಯಲಿಲ್ಲ. "ಆಗ ನೀವು ಬಹಳ ಮಾತಾಡ್ತಿದ್ರಿ ಸಾರ್" ಅಂದ.

"ನನ್ನ ಕುದುರೆ ಭಾವ?" ಅಂದ ಭಾವಮೈದುನ. "ಮೀನು ನುಂಗಿತಲ್ಲ?"

"ಹಡಗಲ್ಲಿ ಕುದುರೆ ಇರೋದೇ ನನಗೆ ಮರೆತಿತ್ತು. ನೆನಪಾದಾಗ ಏನು ಮಾಡೋದು ತೋಚಲಿಲ್ಲ."

ಬೆಲೆ ಕೊಟ್ಟು ತಂದ ಪುಸ್ತಕದ ಮಾತನ್ನು ತಲೆ ಮೇಲೆ ಹೊತ್ತು ನಡೆದವರು, ಅದೇ ಮಾತು ಎದುರಿಗೆ ಕೂತವನ ಬಾಯಿಂದ ಬಂದದ್ದು ಅಂತ ತಿಳಿದರೆ ಸುಮ್ಮನಿರುವುದಿಲ್ಲ. ಆ ಸಂಜೆ ಲೆನ್ಸಣ್ಣನ ಮೇಲೆ ಹತ್ತಾರು ದೂರು ಬಿದ್ದವು. ಒದ್ದೆಯಾದ ನಕ್ಷೆ, ಮುರಿದ ಬಿಲ್ಲು, ಸುಮ್ಮಸುಮ್ಮನೆ ಬಂದ ಜ್ವರ. ಯಾರೂ ದನಿ ಏರಿಸಲಿಲ್ಲ. ಅದೇ ಅವನಿಗೆ ಹೆಚ್ಚು ಹಿಂಸೆಯಾಯಿತು. ಕೊನೆಗೆ ಡಾಕ್ಟರಮ್ಮ ತಮ್ಮ ದಾಳಗಳನ್ನು ಚೀಲಕ್ಕೆ ಹಾಕಿಕೊಂಡು, ಅದರ ದಾರ ಬಿಗಿದರು. ಮುಂದಿನ ಭಾನುವಾರದ ಮಾತು ಯಾರೂ ಎತ್ತಲಿಲ್ಲ.

ಅಧಿಕಾರಿಯೂ ಹೊರಡಲು ಹೆಗಲ ಚೀಲ ಸರಿಮಾಡಿಕೊಂಡಿದ್ದಳು. ಆದರೆ ಕ್ಯಾಟಲಾಗಿನ ಮೇಲಿನ ಕೈ ತೆಗೆದಿರಲಿಲ್ಲ.

"ನಿಮಗೇನಮ್ಮ ಬೇಜಾರು?" ಅಂತ ಕೇಳಿದರು ಅತ್ತೆ. "ನಿಮ್ಮ ಕೆಲಸ ಆಯ್ತಲ್ಲ."

"ಆ ಪುಸ್ತಕ ತಿದ್ದಿದವಳು ನಾನೇ" ಅಂದಳು ಅಧಿಕಾರಿ. "ಎರಡು ವರ್ಷ ಕೂತಿದ್ದೆ. ಅಚ್ಚಿಗೆ ಹೋಗೋ ವಾರ ಲೈಸೆನ್ಸ್ ಮುಗೀತು. ಎಲ್ಲ ಅಳಿಸು ಅಂದರು, ನನ್ನ ಕೈಯಿಂದಲೇ ಅಳಿಸಿದೆ. ಈಗ ನನ್ನನ್ನ ಹಕ್ಕುಗಳ ವಿಭಾಗಕ್ಕೆ ಹಾಕಿ, ಬಣ್ಣ ತುಂಬೋ ಪುಸ್ತಕಗಳ ಲೈಸೆನ್ಸ್ ನೋಡ್ಕೋ ಅಂದಿದ್ದಾರೆ. ನಿಮ್ಮ ಹುಡುಗನ ಮೇಲ್ ಬಂದಾಗ..." ಅವಳು ಕ್ಯಾಟಲಾಗಿನ ಅಂಚಿಗೆ ಬೆರಳಾಡಿಸಿದಳು. "ವಶಪಡಿಸಿಕೊಳ್ಳೋಕೆ ಅಂತ ಬಂದೆ, ನಿಜ. ಆದರೆ ಎಲ್ಲೋ ಒಂದು ಪ್ರತಿ ಉಳಿದಿದೆಯಲ್ಲ, ಒಂದು ಸಲ ನೋಡಬಹುದಲ್ಲ ಅಂತ ಬಸ್ಸಲ್ಲಿ ಬರುವಾಗ ಖುಷಿಯಾಗಿತ್ತು."

ಲೆನ್ಸಣ್ಣನಿಗೆ ಆವರೆಗೆ ತನ್ನ ಪಾಡೇ ದೊಡ್ಡದಾಗಿ ಕಂಡಿತ್ತು. ಈಗ ಅದು ಸಣ್ಣದಾಯಿತು. ಈ ಹೆಂಗಸಿಗೆ ಕೊಡಲು ತನ್ನ ಬಳಿ ಕನ್ನಡಕದ ಚಿತ್ರ ಬಿಟ್ಟರೆ ಏನೂ ಇಲ್ಲವಲ್ಲ ಅಂತ ನಾಚಿಕೆಯಾಯಿತು.

"ಅದರಲ್ಲಿ ಏನಿತ್ತು ಅಂತ ಹೇಳಿ ಮೇಡಂ, ಕೇಳ್ತೀವಿ" ಅಂದ.

"ಹೇಳಬಾರದು. ಬರೆಯಬಾರದು, ಹೇಳಬಾರದು, ಯಾರಿಗೂ ತೋರಿಸಬಾರದು. ಸಹಿ ಹಾಕಿದ್ದೀನಿ."

"ನಿಮ್ಮದಲ್ಲದ್ದನ್ನ ಆಡಬಾರದು ಅಂತ ಇದೆಯಾ?" ಅಂತ ಕೇಳಿದರು ಅತ್ತೆ.

ಅಧಿಕಾರಿ ಯೋಚಿಸಿದಳು. ಒಪ್ಪಂದದ ಒಂದೊಂದೇ ಸಾಲನ್ನು ಮನಸ್ಸಿನಲ್ಲೇ ಓದುತ್ತಿದ್ದಾಳೆ ಅನ್ನುವುದು ಅವಳ ತುಟಿ ನೋಡಿದರೆ ತಿಳಿಯುತ್ತಿತ್ತು. "ಹಾಗೇನೂ ಇಲ್ಲ" ಅಂದಳು.

ಲೆನ್ಸಣ್ಣನ ಹೆಂಡತಿ ಒಂದು ಲೋಟ ಟೀ ತಂದು ಅವಳ ಮುಂದಿಟ್ಟಳು. ತಾನೂ ಒಂದು ಸ್ಟೂಲು ಎಳೆದುಕೊಂಡು ಕೂತಳು. ಇದು ಹಿಂದೆ ಎಂದೂ ಆಗಿರದ ಸಂಗತಿ. ಮೇಷ್ಟ್ರು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟರು. ಅಧಿಕಾರಿ ಚೀಲವನ್ನು ಹೆಗಲಿಂದ ಇಳಿಸಿದಳು.

"ನಾನು ಯಾರಾಗಲಿ?" ಅಂದಳು.

"ಯಾರು ಬೇಕಾದರೂ" ಅಂದ ಲೆನ್ಸಣ್ಣ.

"ಹಾಗಾದರೆ ನಾನು ಒಬ್ಬ ದೋಣಿಯವಳು. ಆ ಗಾಜಿನ ಜನರ ಊರಿನ ಆಚೆ ದಡದಲ್ಲಿದ್ದೀನಿ." ಅವಳು ಟೀಯನ್ನು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟಳು. "ಬಿರುಗಾಳಿಯ ಮಾರನೇ ದಿನ ಬಲೆ ಎಳೆಯೋಕೆ ಹೋದೆ. ನೀರಿನ ಮೇಲೆ ಒಂದು ಹಲಗೆ ತೇಲಿ ಬಂತು. ಅದರ ಮೇಲೆ ಒಬ್ಬ ಹುಡುಗ ಬೋರಲಾಗಿ ಬಿದ್ದಿದ್ದ."

ಚೀಲದ ದಾರ ಹಿಡಿದಿದ್ದ ಡಾಕ್ಟರಮ್ಮನ ಕೈ ಹಾಗೇ ನಿಂತಿತು.

"ಅವನ ಎಡಗೈಯಲ್ಲಿ ಉಂಗುರ ಇತ್ತಾ?" ಅಂತ ಕೇಳಿದರು. "ಊರು ಬಿಡುವಾಗ ನಾನು ತೊಡಿಸಿದ್ದೆ."

"ಇತ್ತು" ಅಂದಳು ಅಧಿಕಾರಿ. "ಬೆರಳು ಊದಿಕೊಂಡಿತ್ತು, ತೆಗೆಯೋಕೆ ಆಗಲಿಲ್ಲ. ಎದೆಗೆ ಕಿವಿಯಿಟ್ಟು ಕೇಳಿದೆ."

ಮೇಷ್ಟ್ರು ಮುಂದಕ್ಕೆ ಬಾಗಿದರು. ಅತ್ತೆಯ ಮಡಿಲಿನ ಉಂಡೆ ಜಾರಿ ನೆಲದ ಮೇಲೆ ಉರುಳಿಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ. ಎಲ್ಲರೂ ಅಭ್ಯಾಸದಿಂದ ಲೆನ್ಸಣ್ಣನ ಕಡೆ ನೋಡಿದರು. ಮುಂದೇನಾಯಿತು ಅಂತ ಅವನಿಗೂ ಗೊತ್ತಿರಲಿಲ್ಲ. ಅವನು ರಟ್ಟಿನ ಮರೆಯನ್ನು ಮಡಿಸಿ ಪಕ್ಕಕ್ಕಿಟ್ಟ. ಎರಡೂ ಮೊಣಕೈ ಮೇಜಿನ ಮೇಲೂರಿ, ಉಳಿದವರ ಹಾಗೆಯೇ ಅಧಿಕಾರಿಯ ಕಡೆ ತಿರುಗಿದ.

"ಆಮೇಲೆ?" ಅಂದ.